ಹೊಗೆ ಬಿಟ್ಟ ವಾರದ ಕಾಫಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ಗುಬ್ಬಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಕುಣಿಗಲ್‌ನ ಹೆದ್ದಾರಿ ಬದಿಯಲ್ಲಾಗಲಿ ಕಾಫಿ ಹೋಟೆಲಿನ ಮಗ್ಗುಲಲ್ಲೇ ಒಂದು ಬೀಡಾ ಅಂಗಡಿ ಇರುವುದು ಸಾಮಾನ್ಯ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸುವ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾದ ಮೇಲೆ ಹೋಟೆಲಿನೊಳಗೆ ಸೇದುವಂತಿಲ್ಲ. ಹಾಗಾಗಿ ಕಾಫಿ ಲೋಟವೇ ಬೀದಿಗೆ ಬಂದಿದೆ. ಒಂದು ಕೈಯಲ್ಲಿ ನೊರೆ ಕಾಫಿ, ಇನ್ನೊಂದು ಕೈಯಲ್ಲಿ ಸಿಗರೇಟು ಅಥವಾ ಬೀಡಿ. ಹಣ ಹೆಚ್ಚಿರುವ ಕಡೆ ಇದೇ ಜೋಡಿ ಇನ್ನಷ್ಟು ನಾಜೂಕಾಗುತ್ತದೆ: ಬೆಳಗಿನ ಕಾಫಿಗೆ ಘಾಟು ಕಡಿಮೆಯಿರುವ, ಕೆನೆಯಂತೆ ನುಣುಪಾದ ಸಿಗಾರೇ ಸರಿ ಎನ್ನುತ್ತಾರೆ ಅದರ ಪ್ರಿಯರು. ಬೀಡಿಯಿರಲಿ, ಸಿಗಾರ್ ಇರಲಿ, ಕಾಫಿ ಮತ್ತು ಹೊಗೆಯನ್ನು ನಾವು ಎರಡು ಬೇರೆ ಬೇರೆ ಅಭ್ಯಾಸಗಳೆಂದು ಎಣಿಸುತ್ತೇವೆ. ದೇಹ ಮಾತ್ರ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಹೊಗೆ ಕಾಫಿಯ ಕೆಫೀನನ್ನು ರಕ್ತದಿಂದ ಬೇಗ ತೆಗೆದುಹಾಕಿಸುತ್ತದೆ. ಹೊಗೆ ನಿಂತರೆ ಅದೇ ಕಾಫಿ ಬಲವಾಗುತ್ತದೆ. ಆದ್ದರಿಂದ ಸೇದುವುದನ್ನು ಬಿಡಲು ಹೊರಟವರು ಮೊದಲ ವಾರದಲ್ಲೇ ಕಾಫಿಯನ್ನೂ ತಗ್ಗಿಸಬೇಕು ಎಂಬುದು ನನ್ನ ವಾದ. ಬಿಡುವವರಿಗೆ ನೂರು ಬುದ್ಧಿಮಾತು ಹೇಳುವ ನಾವು ಈ ಒಂದನ್ನು ಮಾತ್ರ ಹೇಳುವುದೇ ಇಲ್ಲ.

ಮೊದಲು ನಾಲಿಗೆಯ ವಿಚಾರ, ಏಕೆಂದರೆ ಜೋಡಿ ಕೂಡಿಬರುವುದು ಅಲ್ಲಿ. ಕಾಫಿ ಬೀಜ ಹುರಿಯುವಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಗೆ ಸೇರಿ ಹುರಿದ ಕಡಲೆಕಾಯಿ, ಕೋಕೋ, ಸುಟ್ಟ ರೊಟ್ಟಿಗಳನ್ನು ನೆನಪಿಸುವ ಘಮದ ಅಣುಗಳು ಹುಟ್ಟುತ್ತವೆ. ಹೊಗೆಸೊಪ್ಪನ್ನು ಒಣಗಿಸಿ, ಹದಗೊಳಿಸಿ, ಸುಡುವಾಗಲೂ ಅದೇ ಕುಟುಂಬದ ಅಣುಗಳು ಏಳುತ್ತವೆ. ಮೂಗಿಗೆ ಎರಡೂ ನೆಂಟರಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಾಫಿಯಲ್ಲಿ ಹಾಲು ಧಾರಾಳ. ಹಾಲಿನ ಕೊಬ್ಬು ನಾಲಿಗೆಗೆ ತೆಳುವಾಗಿ ಲೇಪವಾಗುತ್ತದೆ, ಅದರ ಕೇಸೀನ್ ಪ್ರೋಟೀನು ಒಗರು ತರುವ ಪಾಲಿಫಿನಾಲ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬರುವ ಹೊಗೆಯ ಕಹಿಯೂ ಮೃದುವಾಗಿ ತೋರುತ್ತದೆ. ಆದರೆ ಈ ಮೃದುತ್ವ ನಾಲಿಗೆಯ ಸುದ್ದಿ ಮಾತ್ರ. ರಕ್ತಕ್ಕೆ ಎಷ್ಟು ನಿಕೋಟಿನ್ ಇಳಿಯಿತೆಂದು ತಿಳಿಯಲು ಅದು ಅಳತೆಯೇ ಅಲ್ಲ. ಅಮೆರಿಕ 2009ರ ಕಾನೂನಿನ ಮೂಲಕ ಸಿಗರೇಟಿನ ಪೊಟ್ಟಣದ ಮೇಲೆ ‘ಲೈಟ್’, ‘ಮೈಲ್ಡ್’ ಎಂದು ಮುದ್ರಿಸುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಸೌಮ್ಯ ಎಂದು ನಂಬಿದವರು ಇನ್ನೂ ಆಳವಾಗಿ, ಇನ್ನೂ ಹೆಚ್ಚು ಸಲ ಎಳೆದು ತಮಗೆ ಬೇಕಾದಷ್ಟನ್ನು ಪಡೆದೇ ತೀರುತ್ತಿದ್ದರು.

ಸಿಗಾರಿನ ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲಿ ಸುಳಿದಾಡಿಸಿ ಬಿಟ್ಟುಬಿಡುತ್ತೇವೆ, ಅದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ಎಲೆಅಡಿಕೆ ತಟ್ಟೆಯಲ್ಲೇ ಇದೆ. ಗುಬ್ಬಿ ಸೀಮೆಯ ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ಗೊತ್ತು, ಹೊಗೆಸೊಪ್ಪು ಹಾಕಿಕೊಳ್ಳುವಾಗ ಎಲೆಗೆ ಸುಣ್ಣ ಸವರದಿದ್ದರೆ ಗಮ್ಮತ್ತಿಲ್ಲ. ನಿಕೋಟಿನ್ ಒಂದು ಕ್ಷಾರ. ಸುತ್ತಲ ದ್ರವ ಹುಳಿಯಾಗಿದ್ದರೆ ಅದು ವಿದ್ಯುದಂಶ ಹೊತ್ತು ನಿಲ್ಲುತ್ತದೆ, ಕೆನ್ನೆಯ ಒಳಪೊರೆಯನ್ನು ದಾಟಲಾರದು. ಸುತ್ತ ಕ್ಷಾರವಿದ್ದರೆ ವಿದ್ಯುದಂಶ ಕಳಚಿ ಸಲೀಸಾಗಿ ದಾಟುತ್ತದೆ. ಪಿಎಚ್ 6ರಲ್ಲಿ ಹೀಗೆ ದಾಟಬಲ್ಲ ನಿಕೋಟಿನ್ ನೂರರಲ್ಲಿ ಒಂದು ಪಾಲು. ಪಿಎಚ್ 8ಕ್ಕೆ ಏರಿದರೆ ಹೆಚ್ಚುಕಡಿಮೆ ಅರ್ಧ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು ಬ್ಯಾರನ್‌ಗಳಲ್ಲಿ ಬಿಸಿಗಾಳಿಗೆ ಹದಗೊಳಿಸುವ ವರ್ಜೀನಿಯಾ ತಂಬಾಕಿನಲ್ಲಿ ಸಕ್ಕರೆ ಉಳಿದಿರುವುದರಿಂದ ಸಿಗರೇಟಿನ ಹೊಗೆ ಸ್ವಲ್ಪ ಹುಳಿ. ಅದು ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಸಿಗಾರಿನ ಎಲೆ ಗಾಳಿಗೆ ಆರಿ, ಹುದುಗಿ, ಸಕ್ಕರೆ ಕಳೆದುಕೊಂಡಿರುತ್ತದೆ. ಅದರ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಸುಣ್ಣ ಮಾಡುವ ಕೆಲಸವನ್ನು ಆ ಹೊಗೆಯೇ ಮಾಡಿಕೊಳ್ಳುತ್ತದೆ, ಕೆನ್ನೆಯಿಂದಲೇ ನಿಕೋಟಿನ್ ಒಳಗಿಳಿಯುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ತಂಬಾಕು ಇರಬಹುದೆಂಬುದನ್ನೂ ಮರೆಯುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್‌ಗಳ ಬಗ್ಗೆಯೇ ಹೊರತಂದ ವರದಿ, ಒಳಗೆಳೆಯದಿದ್ದರೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿನ ಅಪಾಯ ಉಳಿಯುತ್ತದೆ ಎಂದು ಸ್ಪಷ್ಟವಾಗಿ ಹೇಳಿತು.

ಇನ್ನು ಬೀಡಿ. ತುಮಕೂರಿನಲ್ಲಿ ಅದು ಎಷ್ಟೋ ಮನೆಗಳ ಹೆಂಗಸರ ದುಡಿಮೆಯೂ ಹೌದು. ತೊಡೆಯ ಮೇಲೆ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ. ಅಳತೆಗೆ ಕತ್ತರಿಸಿದ ಎಲೆಯಲ್ಲಿ ಒಂದು ಚಿಟಿಕೆ ಉದುರಿಸಿ, ಸುರುಳಿ ಸುತ್ತಿ, ತುದಿ ಮಡಚಿ, ದಾರ ಬಿಗಿಯುತ್ತಾರೆ. ತಂಬಾಕು ಇಷ್ಟೇ ಇಷ್ಟು, ಹಾಗಾಗಿ ಬೀಡಿ ಹಗುರ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಆ ಎಲೆ ಕಾಗದದಂತೆ ಗಾಳಿಯಾಡುವುದಿಲ್ಲ. ಬಿಡುವು ಕೊಟ್ಟರೆ ಬೀಡಿ ಆರಿಹೋಗುತ್ತದೆ. ಅದನ್ನು ಉರಿಸಿಡಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಆಗ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿಯೇ ಒಳಸೇರುತ್ತವೆ.

ಈಗ ನಿಜವಾದ ಕಥೆ ನಡೆಯುವ ಜಾಗಕ್ಕೆ, ಅಂದರೆ ಯಕೃತ್ತಿಗೆ ಬರೋಣ. ನಾವು ಕುಡಿದ ಕೆಫೀನಿನ ಬಹುಪಾಲನ್ನು ಒಡೆಯುವುದು ಅಲ್ಲಿರುವ ಸಿವೈಪಿ1ಎ2 ಎಂಬ ಒಂದೇ ಕಿಣ್ವ. ಸೊಪ್ಪು ಉರಿಯುವಾಗ ಹುಟ್ಟುವ ಬೆಂಜೊಪೈರೀನ್ ಮುಂತಾದ ವಸ್ತುಗಳು ರಕ್ತ ಸೇರಿದರೆ ಯಕೃತ್ತು ಈ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಕೆಂಡದ ಮೇಲೆ ಸುಟ್ಟ ಮಾಂಸ ತಿಂದರೂ ಇದೇ ಪರಿಣಾಮ ಸ್ವಲ್ಪಮಟ್ಟಿಗೆ ಕಾಣುತ್ತದೆ. ಇಲ್ಲಿ ಕೆಲಸ ಮಾಡುವುದು ಸುಟ್ಟ ಹೊಗೆ, ನಿಕೋಟಿನ್ ಅಲ್ಲ. ಸೇದದ ಆರೋಗ್ಯವಂತರಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ದಿನವೂ ಸೇದುವವರಲ್ಲಿ ಸುಮಾರು 3 ಗಂಟೆ ಸಾಕು. ಸಂಜೆ 6ಕ್ಕೆ ಕುಡಿದ ಒಂದು ಲೋಟದ ಲೆಕ್ಕ ಹಾಕಿ ನೋಡಿ. ಮರುದಿನ ಬೆಳಗ್ಗೆ 6ಕ್ಕೆ ಸೇದದವರ ರಕ್ತದಲ್ಲಿ ಅದರ ಐದನೇ ಒಂದು ಪಾಲಿನಷ್ಟು ಉಳಿದಿದ್ದರೆ ಸೇದುವವರಲ್ಲಿ ಹದಿನಾರನೇ ಒಂದು ಪಾಲು. ನಿಕೋಟಿನ್ ಇನ್ನೂ ಅವಸರದ್ದು, ಎರಡು ಗಂಟೆಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಒಂದು ರಾತ್ರಿಯ ನಿದ್ದೆಯಲ್ಲಿ ಅದೂ ತಳ ಕಾಣುತ್ತದೆ. ಸೇದುವವರು ಎದ್ದ ಗಳಿಗೆಯಲ್ಲಿ ಎರಡೂ ಖಾಲಿ. ಬೆಳಗಿನ ಆ ಜೋಡಿ ಅಷ್ಟೊಂದು ಸಮಾಧಾನ ಕೊಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಹೀಗೆ ವರ್ಷಗಟ್ಟಲೆ ನಡೆದ ದೇಹದಲ್ಲಿ ಒಂದು ದಿನ ಹೊಗೆ ನಿಲ್ಲುತ್ತದೆ ಎಂದುಕೊಳ್ಳಿ. ಕಿಣ್ವ ಇಳಿಯಲು ಬಹಳ ಕಾಲ ಹಿಡಿಯುವುದಿಲ್ಲ. ಹೆಚ್ಚು ಸೇದುತ್ತಿದ್ದವರಿಂದ ಹೊಗೆ ಬಿಡಿಸಿ ನೋಡಿದ ಫೇಬರ್ ಮತ್ತು ಫೂರ್ ಅವರ 2004ರ ಅಧ್ಯಯನದಲ್ಲಿ ಕೆಫೀನನ್ನು ಹೊರಹಾಕುವ ವೇಗ ನಾಲ್ಕೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ನೀಲ್ ಬೆನೊವಿಟ್ಜ್ ಮತ್ತು ಸಂಗಡಿಗರು 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಖ್ಯವಾದದ್ದು. ಸೇದುವುದನ್ನು ಬಿಟ್ಟವರ ರಕ್ತದಲ್ಲಿ ಕೆಫೀನ್ ಮಟ್ಟ ಎರಡು ಪಟ್ಟನ್ನೂ ಮೀರಿ ಏರಿತ್ತು, ತಿಂಗಳುಗಳ ನಂತರವೂ ಹಾಗೇ ನಿಂತಿತ್ತು. ಕುಡಿಯುವ ಲೋಟ ಅದೇ, ಹೋಟೆಲೂ ಅದೇ. ರಕ್ತಕ್ಕೆ ಮಾತ್ರ ಎರಡು ಲೋಟದ ಕೆಫೀನ್. ಕೆಫೀನ್ ಹೆಚ್ಚಾದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತದು, ಸಣ್ಣದಕ್ಕೂ ಸಿಡುಕು ಬರುತ್ತದೆ. ನಿಕೋಟಿನ್ ಸಿಗದಿದ್ದಾಗಲೂ ಚಡಪಡಿಕೆ, ಸಿಡುಕು, ನಿದ್ದೆಗೇಡು. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಸ್ವತಃ ಅನುಭವಿಸುತ್ತಿರುವವರಿಗೆ ಅಸಾಧ್ಯ. ಎಲ್ಲದರ ಹೊಣೆ ಹೊಗೆ ಬಿಟ್ಟದ್ದರ ತಲೆಗೆ ಬರುತ್ತದೆ, ಮೂರನೆಯ ದಿನ ಬೀಡಾ ಅಂಗಡಿಯ ಮುಂದೆ ಹೋಗಿ ನಿಲ್ಲುವಂತಾಗುತ್ತದೆ. ಆಮೇಲೆ ‘ಮನಸ್ಸು ಗಟ್ಟಿಯಿಲ್ಲ’ ಎಂಬ ಮಾತು ಬೇರೆ. ಇದು ಅನ್ಯಾಯದ ಮಾತೆಂದೇ ನನಗನ್ನಿಸುತ್ತದೆ.

ನಮ್ಮ ಹೋಟೆಲ್ ಕಾಫಿಯಲ್ಲಿ ಹಾಲೇ ಹೆಚ್ಚು, ಪುಡಿಯಲ್ಲಿ ಚಿಕೋರಿ ಬೇರೆ, ಲೋಟವೂ ಪುಟ್ಟದು. ವಿದೇಶದ ದೊಡ್ಡ ಮಗ್ಗುಗಳ ಲೆಕ್ಕ ನಮಗೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ನಿಜ. ಆದರೆ ಹಾಲು ಕೆಫೀನನ್ನು ಕಡಿಮೆ ಮಾಡುವುದಿಲ್ಲ, ಅದರ ಕಹಿಯನ್ನಷ್ಟೇ ಮರೆಸುತ್ತದೆ. ಜೊತೆಗೆ ಇಲ್ಲಿ ಮುಖ್ಯವಾದದ್ದು ಲೋಟದ ಗಾತ್ರಕ್ಕಿಂತ ಏರಿಕೆಯ ಪ್ರಮಾಣ. ಯಾರಿಗೆ ದಿನಕ್ಕೆ ಎಷ್ಟು ಒಗ್ಗಿದೆಯೋ ಅದರ ಇಮ್ಮಡಿ ರಕ್ತದಲ್ಲಿ ನಿಂತರೆ ಬದಲಾವಣೆ ತಿಳಿದೇ ತಿಳಿಯುತ್ತದೆ. ನಡುವೆ ಕುಡಿಯುವ ಟೀಯೂ ಈ ಲೆಕ್ಕಕ್ಕೆ ಸೇರಬೇಕು. ಇದೆಲ್ಲ ಬರೀ ಅಭ್ಯಾಸಬಲ, ಕಾಫಿ ಕಂಡರೆ ಸಿಗರೇಟು ನೆನಪಾಗುತ್ತದೆ ಅಷ್ಟೆ ಎಂಬುದು ಇನ್ನೊಂದು ಮಾತು. ಅಭ್ಯಾಸಬಲ ದೊಡ್ಡದೇ, ಅದನ್ನು ಅಲ್ಲಗಳೆಯಲಾಗದು. ಅಷ್ಟೇ ಅಲ್ಲ, ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದಂತೆ ಹುರಿದ ಕಾಫಿಯ ಕೆಲವು ರಾಸಾಯನಿಕಗಳು ನಿಕೋಟಿನ್ ಕೂರುವ ಮಿದುಳಿನ ಗ್ರಾಹಕಗಳ ಮೇಲೂ ಪ್ರಭಾವ ಬೀರಬಲ್ಲವು. ಅದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡದ್ದು, ಮನುಷ್ಯರಲ್ಲಿ ಪರೀಕ್ಷಿಸಿದ್ದಲ್ಲ. ಅದರ ಮೇಲೆ ಹೆಚ್ಚು ಭಾರ ಹಾಕುವುದು ಸರಿಯಲ್ಲ. ರಕ್ತದಲ್ಲಿ ಅಳೆದು ನೋಡಿದ ಕೆಫೀನ್ ಏರಿಕೆ ಮಾತ್ರ ಯಾವ ಊಹೆಗೂ ಸೇರಿದ್ದಲ್ಲ. ಕಾಫಿ ತಗ್ಗಿಸಿದ ಮಾತ್ರಕ್ಕೆ ಸಂಕಟವೆಲ್ಲ ಮಾಯವಾದೀತೆಂದು ನಾನು ಹೇಳುತ್ತಿಲ್ಲ. ನಿಕೋಟಿನ್ನಿನ ಹಂಬಲ ಮೊದಲ ಕೆಲವು ದಿನ ಜೋರಾಗಿದ್ದು, ಆಮೇಲೆ ಎರಡು ಮೂರು ವಾರ ಕಾಡುವುದು ಅದರದೇ ಸ್ವಭಾವ. ಆ ಹೊರೆಯ ಮೇಲೆ ಕಾಫಿಯ ಹೊರೆಯನ್ನೂ ಯಾಕೆ ಏರಿಸಬೇಕು ಎಂಬುದಷ್ಟೇ ಪ್ರಶ್ನೆ.

ಹಾಗೆಂದು ಕಾಫಿಯನ್ನು ಒಮ್ಮೆಲೇ ಬಿಟ್ಟುಬಿಡುವುದೂ ತಪ್ಪು ದಾರಿ. ದಿನವೂ ಕುಡಿಯುವವರು ತಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು ಶುರುವಾಗುತ್ತದೆ. ಎರಡು ಅಗಲಿಕೆಗಳನ್ನು ಒಂದೇ ವಾರದಲ್ಲಿ ತಾಳುವುದು ಕಷ್ಟ. ಬೇಕಾದದ್ದು ಸುಮಾರು ಅರ್ಧಕ್ಕಿಳಿಸುವುದು, ಅದಕ್ಕೆ ನಮ್ಮಲ್ಲಿ ವ್ಯವಸ್ಥೆ ಮೊದಲಿನಿಂದಲೂ ಇದೆ: ಬೈ ಟು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವ ಕರ್ನಾಟಕದ ಈ ಪದ್ಧತಿಯಲ್ಲಿ ಹೊತ್ತು ತಪ್ಪುವುದಿಲ್ಲ, ಜೊತೆ ತಪ್ಪುವುದಿಲ್ಲ, ರಕ್ತಕ್ಕೆ ಹೋಗುವ ಕೆಫೀನ್ ಮಾತ್ರ ಹಳೆಯ ಮಟ್ಟದ ಹತ್ತಿರ ನಿಲ್ಲುತ್ತದೆ. ಸಂಜೆಯ ಲೋಟವನ್ನು ಕೈಬಿಟ್ಟರೆ ನಿದ್ದೆಗೂ ಅನುಕೂಲ. ಬಿಡಲು ನಿಕೋಟಿನ್ ಗಮ್ ಬಳಸುವವರು ಕಾಫಿಯ ಹುಳಿಯನ್ನೂ ನೆನಪಿಡಬೇಕು. ಕಾಫಿ ಕುಡಿದ ಬಾಯಲ್ಲಿ ಗಮ್ ಅಗಿದರೆ ನಿಕೋಟಿನ್ ಕೆನ್ನೆಯನ್ನು ದಾಟುವುದಿಲ್ಲವೆಂದು 1990ರಲ್ಲೇ ತೋರಿಸಲಾಗಿದೆ. ಎರಡರ ನಡುವೆ ಕಾಲು ಗಂಟೆಯ ಅಂತರವಿರಲಿ. ‘ಗಮ್ ಅಗಿದರೂ ಏನೂ ಆಗಲಿಲ್ಲ’ ಎನ್ನುವವರಲ್ಲಿ ಕೆಲವರ ತೊಂದರೆ ಇದೇ ಇರಬಹುದು. ನೆರವು ಬೇಕಾದವರು ರಾಷ್ಟ್ರೀಯ ಸಹಾಯವಾಣಿ 1800 11 2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಯಕೃತ್ತಿನ ಆ ಸಿವೈಪಿ1ಎ2 ಕಿಣ್ವ ಕೆಫೀನನ್ನಷ್ಟೇ ಒಡೆಯುವುದಿಲ್ಲ. ಉಬ್ಬಸ ಮತ್ತು ಸೇದುವವರ ಶ್ವಾಸಕೋಶ ಕಾಯಿಲೆಗೆ ನಮ್ಮಲ್ಲಿ ಈಗಲೂ ಬರೆದುಕೊಡುವ ಥಿಯೊಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೊಜಪಿನ್, ಒಲಾಂಜಪಿನ್ ಕೂಡ ಅದರ ಪಾಲಿಗೆ ಬರುತ್ತವೆ. ಸೇದುತ್ತಿದ್ದಾಗ ಸರಿಯಾಗಿದ್ದ ಪ್ರಮಾಣ ಬಿಟ್ಟ ನಂತರ ಹೆಚ್ಚಾಗಬಹುದು. ಥಿಯೊಫಿಲಿನ್ ಹೆಚ್ಚಾದರೆ ವಾಂತಿ, ಎದೆಬಡಿತ, ಕೆಲವೊಮ್ಮೆ ಫಿಟ್ಸ್ ಬರುವ ಅಪಾಯವಿದೆ. ಸಿಗರೇಟು ಬಿಟ್ಟೆ ಎಂಬುದು ಒಳ್ಳೆಯ ಸುದ್ದಿಯಾದ್ದರಿಂದ ಅದನ್ನು ವೈದ್ಯರಿಗೆ ಪ್ರತ್ಯೇಕವಾಗಿ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಈ ಮಾತ್ರೆಗಳನ್ನು ನುಂಗುತ್ತಿರುವವರು ಬಿಡುವ ದಿನಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣ ಬದಲಿಸಬೇಕೇ ಎಂದು ಕೇಳಿಕೊಳ್ಳಬೇಕು, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.