ಕಚರಾ ಕೋಣೆಗೆ ಫಿನಾಯಿಲ್ ಸಾಲದು, ಬಯೋಫಿಲ್ಟರ್ ಬೇಕು



ಭಾಂಡುಪ್‌ನವರಿಗೆ ವಾಸನೆಯ ವಿಷಯ ಹೊಸತಲ್ಲ. ಪಕ್ಕದಲ್ಲೇ ಕಾಂಜೂರ್‌ಮಾರ್ಗ್ ಡಂಪಿಂಗ್ ಗ್ರೌಂಡ್ ಇದೆ. 2018ರಲ್ಲಿ ಮುಲುಂಡ್ ಡಂಪಿಂಗ್ ಬಂದಾದ ಮೇಲೆ ಮುಂಬಯಿಯ ಕಚರಾದ ಬಹುಪಾಲು ಇಲ್ಲಿಗೇ ಬಂತು. ಆ ಜಾಗ ಸಂರಕ್ಷಿತ ಅರಣ್ಯವೆಂದು 2025ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟ್ ಹೇಳಿತು; ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ವಾಸನೆ ಮಾತ್ರ ಕೋರ್ಟಿನ ತಾರೀಕು ನೋಡಿ ಬರುವುದಿಲ್ಲ.

ಆದರೆ ನಮ್ಮ ಹೋಟೆಲಿನ ಹಿಂಬದಿಯ ವಾಸನೆಗೆ ಕಾಂಜೂರನ್ನು ದೂರಿ ಪ್ರಯೋಜನವಿಲ್ಲ. ನಮ್ಮಲ್ಲಿ ಹೆಚ್ಚಿನವರ ಹೋಟೆಲು ಸೊಸೈಟಿಯ ಕೆಳಗೇ ಇದೆ. ಮೊದಲ ಮಾಳಿಗೆಯವರು ಕಿಟಕಿ ಮುಚ್ಚಿ ಕೂರಬೇಕಾಗಿ ಬಂದರೆ ಇಂದಲ್ಲ ನಾಳೆ ವಾರ್ಡ್ ಆಫೀಸಿಗೆ ಅರ್ಜಿ ಹೋಗುತ್ತದೆ. ಹಸಿ ಕಚರಾವನ್ನು ಸಾಧ್ಯವಾದಷ್ಟು ಹೋಟೆಲಿನ ಆವರಣದಲ್ಲೇ ಗೊಬ್ಬರ ಅಥವಾ ಗ್ಯಾಸ್ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿದ ಮೇಲಂತೂ ವಾಸನೆ ನಮ್ಮ ಮನೆಯ ಸಮಸ್ಯೆಯೇ ಆಯಿತು.

ಮೂಗಿಗೆ ಚುರ್ರೆಂದು ಹತ್ತುವುದು ಅಮೋನಿಯ. ಬೇಳೆ, ಹಾಲು, ಮೊಟ್ಟೆ, ಮೀನು ಇವುಗಳಲ್ಲಿ ಸಾರಜನಕ ಜಾಸ್ತಿ; ಕೊಳೆತಾಗ ಅದು ಅಮೋನಿಯವಾಗಿ ಹೊರಬೀಳುತ್ತದೆ. ದಿನಕ್ಕೆ ಹತ್ತು ಗಂಟೆಯವರೆಗಿನ ಕೆಲಸದಲ್ಲಿ ಸರಾಸರಿ ಹತ್ತು ಲಕ್ಷ ಭಾಗ ಗಾಳಿಗೆ 25 ಭಾಗ ಮೀರಬಾರದೆಂದು ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು. ಮೇಲಿನ ಮಾಳಿಗೆಯವರಾದರೂ ಕಿಟಕಿ ಮುಚ್ಚಿಯಾರು. ಕಚರಾ ಬೇರ್ಪಡಿಸುವ ನಮ್ಮ ಹುಡುಗ ಏನು ಮುಚ್ಚಬೇಕು?

ಫಿನಾಯಿಲ್ ವಾಸನೆಯನ್ನು ಮರೆಸುತ್ತದೆ, ತೆಗೆಯುವುದಿಲ್ಲ. ಇನ್ನು ಬ್ಲೀಚಿಂಗ್ ಪೌಡರ್ ಸುರಿಯುವವರು ಎಚ್ಚರ: ಅಮೋನಿಯಕ್ಕೆ ಬ್ಲೀಚಿಂಗ್ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೇ ಪೆಟ್ಟು.

ಊರಿನ ಹಟ್ಟಿ ನೆನಪು ಮಾಡಿಕೊಳ್ಳಿ. ದನದ ಕಾಲಡಿ ಸೊಪ್ಪು, ತರಗೆಲೆ ಹಾಸುತ್ತಿದ್ದರು. ಗೊಬ್ಬರವೂ ಆಗುತ್ತಿತ್ತು, ಗಂಜಲದ ಘಾಟೂ ತಗ್ಗುತ್ತಿತ್ತು. ಬಯೋಫಿಲ್ಟರ್ ಅದೇ ದಾರಿಯದು. ಕೆಟ್ಟ ಗಾಳಿಯನ್ನು ಒದ್ದೆ ಗೊಬ್ಬರ, ಮರದ ಚೂರು, ತೆಂಗಿನ ನಾರಿನ ಹಾಸಿನ ಮೂಲಕ ನಿಧಾನವಾಗಿ ಹಾಯಿಸುವುದು. ಅಮೋನಿಯ ಆ ತೇವದಲ್ಲಿ ಕರಗುತ್ತದೆ. ಅಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಈ ಜೀವಿಗಳ ಕೆಲಸವನ್ನು ರಷ್ಯಾದ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟರು. ಸೂಕ್ಷ್ಮಜೀವಿಗಳಿಂದ ದುರ್ವಾಸನೆ ತೆಗೆಯುವ ವಿಧಾನಕ್ಕೆ 1957ರಲ್ಲಿ ಅಮೆರಿಕದ ಪೊಮೆರಾಯ್ ಪೇಟೆಂಟ್ ಪಡೆದರು.

ನಮ್ಮಲ್ಲಿ ಗೊಬ್ಬರದ ಪೆಟ್ಟಿಗೆಗೆ ಒಂದು 200 ಲೀಟರ್ ಡ್ರಮ್ ಜೋಡಿಸಿದ್ದೇವೆ. ತಳದಲ್ಲಿ ತೂತಿನ ಪೈಪು, ಅದರ ಮೇಲೆ ಜಲ್ಲಿ, ಮೇಲೆ ಸುಮಾರು 150 ಲೀಟರಿನಷ್ಟು ಹಾಸು, ಒಂದು ಸಣ್ಣ ಬ್ಲೋವರ್. ಗಾಳಿ ಹಾಸಿನಲ್ಲಿ 45 ಸೆಕೆಂಡಾದರೂ ನಿಲ್ಲಬೇಕು. ಅಂದರೆ ನಿಮಿಷಕ್ಕೆ 200 ಲೀಟರಿಗಿಂತ ಹೆಚ್ಚು ಗಾಳಿ ಹೊಡೆಯಬಾರದು. ಜೀವಿಗಳು ನೆಲೆಯೂರಲು ಕೆಲವು ವಾರ ಬೇಕು. ಮೂರನೇ ವಾರದ ಹೊತ್ತಿಗೆ ಡ್ರಮ್ಮಿನಿಂದ ಬಂದದ್ದು ಮಳೆ ಬಿದ್ದ ಮಣ್ಣಿನ ವಾಸನೆ.

ಗಮನದಲ್ಲಿಡಬೇಕಾದ ಮಾತುಗಳು ಇಷ್ಟು:

1. ಹಾಸು ಹಿಂಡಿದ ಬಟ್ಟೆಯಷ್ಟು ಒದ್ದೆ ಇರಲಿ. ಒಣಗಿದರೆ ಜೀವಿಗಳು ಸಾಯುತ್ತವೆ. ನೀರು ನಿಂತರೆ ಗಾಳಿಯಾಡದೆ ಬೇರೆ ನಾತ ಹುಟ್ಟುತ್ತದೆ.

2. ನೈಟ್ರೇಟ್ ಸೇರಿದಂತೆ ಹಾಸು ಹುಳಿಯಾಗುತ್ತದೆ. ಮರುವಾಯಿ ಚಿಪ್ಪಿನ ಚೂರು ಬೆರೆಸಿದರೆ ಹುಳಿ ತಗ್ಗುತ್ತದೆ. ಆಗಾಗ ನೀರು ಹಾಯಿಸಿ ಉಪ್ಪಿನಂಶ ತೊಳೆಯಿರಿ. ಆ ನೀರನ್ನು ತೆಳ್ಳಗೆ ಮಾಡಿ ಗಿಡಕ್ಕೆ ಹಾಕಬಹುದು.

3. ಕೆಲವು ವರ್ಷಕ್ಕೊಮ್ಮೆ ಹಾಸು ಕುಸಿದು ಗಟ್ಟಿಯಾಗುತ್ತದೆ. ಆಗ ಬದಲಿಸಬೇಕು.

4. ಕಿಚನಿನ ಚಿಮಣಿಯನ್ನು ಇದಕ್ಕೆ ಜೋಡಿಸಬೇಡಿ. ಎಣ್ಣೆಯ ಜಿಡ್ಡು ಹಾಸನ್ನು ಕಟ್ಟಿಬಿಡುತ್ತದೆ. ನಿಮಿಷಕ್ಕೆ ಸಾವಿರಾರು ಲೀಟರ್ ಗಾಳಿಗೆ ಡ್ರಮ್ ಸಾಕಾಗುವುದೂ ಇಲ್ಲ.

5. ಅಮೋನಿಯ ವಿಪರೀತವಾದರೆ ಅದೇ ಜೀವಿಗಳಿಗೆ ವಿಷ. ಆದ್ದರಿಂದ ಮೊದಲ ಮದ್ದು ಕಚರಾದಲ್ಲೇ ಆಗಬೇಕು. ಉಳಿದ ಸಾಂಬಾರು, ಬೇಳೆಗೆ ಒಣ ಎಲೆ, ಮರದ ಹುಡಿ, ತೆಂಗಿನ ನಾರು ಬೆರೆಸಿ. ಸಾರಜನಕ ಒಂದು ಪಾಲಾದರೆ ಇಂಗಾಲ ಸುಮಾರು 30 ಪಾಲು ಇರಬೇಕು. ಘಾಟು ಬಂತೆಂದರೆ ಒಣ ಸಾಮಾನು ಕಮ್ಮಿಯಾಗಿದೆ ಎಂದೇ ಅರ್ಥ.

ಕಚರಾ ಜಾಸ್ತಿ ಇರುವ ದೊಡ್ಡ ಹೋಟೆಲಿನವರು ಅಳತೆ ತಿಳಿದ ಇಂಜಿನಿಯರನ್ನೇ ಕರೆಯಿರಿ. ಕೊಟೇಶನ್ ತರುವವರಲ್ಲಿ ಎರಡೇ ಪ್ರಶ್ನೆ ಕೇಳಿ: ಗಾಳಿ ಹಾಸಿನಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತದೆ? ಹಾಸನ್ನು ಒದ್ದೆಯಾಗಿಡುವ ವ್ಯವಸ್ಥೆ ಏನು? ಇದಕ್ಕೆ ಉತ್ತರವಿಲ್ಲದವನು ಮಾರುವುದು ಖಾಲಿ ಡಬ್ಬ.

ಫಿಲ್ಟರ್ ಕೂರಿಸಿದ ಮೇಲೆ ಸೊಸೈಟಿಯ ಕಾರ್ಯದರ್ಶಿಯವರನ್ನು ಒಂದು ಚಾಯಕ್ಕೆ ಕರೆದು ಹಿಂಬದಿ ತೋರಿಸಿ. ಅರ್ಜಿ ಬರೆಯುವ ಮುಂಚೆ ಅವರು ನಮ್ಮಲ್ಲಿ ಬಂದು ಮಾತಾಡುವಂತಾದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.