ದಢೇಸುಗೂರಿಗೆ ಅಕ್ಷರಗಳೆಷ್ಟು?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ದಢೇಸುಗೂರು ಎಂಬ ಗ್ರಾಮವುಂಟು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಸೀಮೆಯೆಂದು ಹೆಸರಾದ ನಾಡಿದು. ಅಲ್ಲಿ ಕೃಷಿ ಸಂಶೋಧನಾ ಕೇಂದ್ರವೊಂದಿರುವುದರಿಂದ ಬೇಸಾಯ ಬಲ್ಲವರಿಗೆ ಊರಿನ ಹೆಸರು ಅಪರಿಚಿತವಲ್ಲ. ಆ ಹೆಸರಿನಲ್ಲಿ ಅಕ್ಷರಗಳೆಷ್ಟೆಂದು ಎರಡನೆಯ ತರಗತಿಯ ಹುಡುಗನನ್ನು ಕೇಳಿದರೆ ಅವನು ಬೆರಳು ಮಡಿಸುತ್ತ, ‘ದ, ಢೇ, ಸು, ಗೂ, ರು’ ಎಂದೆಣಿಸಿ, ಐದು ಎಂದು ಹೇಳಿಯಾನು. ಅದೇ ಪ್ರಶ್ನೆಯನ್ನು ಪೈಥಾನ್ ಎಂಬ ಭಾಷೆಯಲ್ಲಿ ಗಣಕಯಂತ್ರಕ್ಕೆ ಹಾಕಿದರೆ ಅದು ಕ್ಷಣಮಾತ್ರವೂ ಅನುಮಾನಿಸದೆ ‘ಒಂಬತ್ತು’ ಎನ್ನುತ್ತದೆ!

ಎಣಿಕೆಯಲ್ಲಿ ಯಂತ್ರ ತಪ್ಪುವುದಿಲ್ಲವೆಂಬುದು ಎಲ್ಲರ ನಂಬಿಕೆ. ಹುಡುಗನೂ ತಪ್ಪಿಲ್ಲ. ಹಾಗಾದರೆ ಈ ನಾಲ್ಕು ಅಕ್ಷರಗಳ ವ್ಯತ್ಯಾಸ ಎಲ್ಲಿಂದ ಬಂದಿತು?

ಯಂತ್ರದ ನೆನಪಿನಲ್ಲಿ ‘ಢೇ’ ಎಂಬುದು ಒಂದು ಅಕ್ಷರವಾಗಿ ಕುಳಿತಿರುವುದಿಲ್ಲ. ‘ಢ’ ಒಂದು ಮನೆಯಲ್ಲಿ, ಅದರ ಏತ್ವದ ಚಿಹ್ನೆ ಮತ್ತೊಂದು ಮನೆಯಲ್ಲಿ. ಹಾಗೆಯೇ ‘ಸು’, ‘ಗೂ’, ‘ರು’ಗಳ ಕೊಂಬುಗಳೂ ಬೇರೆ ಬೇರೆ. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡ ‘ಇಸ್ಕಿ’ ಎಂಬ ಸಂಕೇತಕ್ರಮವು ಈ ರೀತಿಯನ್ನು ಅನುಸರಿಸಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಒದಗಿಸಲು ಹೊರಟ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿ ಅದನ್ನೇ ಆಧರಿಸಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಕೊಟ್ಟಿತು. ಪೈಥಾನ್ ಎಣಿಸುವುದು ಈ ಮನೆಗಳನ್ನು, ನಾವು ಎಣಿಸುವುದು ಅಕ್ಷರಗಳನ್ನು.

ಇದರಿಂದಾಗುವ ತೊಂದರೆ ಬರಿಯ ತರ್ಕದ್ದಲ್ಲ. ಯಾವುದೋ ನಮೂನೆಯಲ್ಲಿ ಊರಿನ ಹೆಸರಿಗೆ ಎಂಟೇ ಸ್ಥಾನಗಳಿವೆಯೆಂದಿಟ್ಟುಕೊಳ್ಳೋಣ. ಪ್ರೋಗ್ರಾಮು ಬರೆದವನು ಹೆಚ್ಚಿನದನ್ನು ಕತ್ತರಿಸೆಂದು ಯಂತ್ರಕ್ಕೆ ಹೇಳಿರುತ್ತಾನೆ. ಐದಕ್ಷರದ ಊರು ಆಗ ಕೊನೆಯ ಕೊಂಬನ್ನು ಕಳೆದುಕೊಂಡು ‘ದಢೇಸುಗೂರ’ ಎಂದು ಅಚ್ಚಾಗುತ್ತದೆ. ನಾಲ್ಕೇ ಸ್ಥಾನವಿದ್ದರೆ ಉಳಿಯುವುದು ‘ದಢೇಸ’ ಮಾತ್ರ. ‘ಮಸ್ಕಿ’ಯನ್ನು ಹಿಂದುಮುಂದಾಗಿ ಬರೆಯೆಂದರಂತೂ ಗುಡಿಸು ಯಾವ ವ್ಯಂಜನದ ಆಸರೆಯೂ ಇಲ್ಲದೆ ಪದದ ಮೊದಲಲ್ಲಿ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಪದಬಂಧವನ್ನೋ ಅಂತ್ಯಾಕ್ಷರಿಯ ಆಟವನ್ನೋ ಯಂತ್ರಕ್ಕೆ ಕಲಿಸಹೊರಟವರು ಮೊದಲು ಎಡವುವುದು ಈ ಕಲ್ಲಿಗೇ.

ಇದನ್ನು ಯಾರಿಗೆ ದೂರಬೇಕು? ಉತ್ತರ ಹೇಳುವ ಮೊದಲು ಪೈಥಾನಿನ ಮನೆಯೊಳಗೆ ಒಮ್ಮೆ ಇಣುಕಿ ನೋಡಬೇಕಾಗುತ್ತದೆ.

ಹಾಲೆಂಡಿನ ಗೀಡೊ ವಾನ್ ರೋಸಮ್ ಎಂಬ ಪ್ರೋಗ್ರಾಮುಗಾರ ಈ ಭಾಷೆಯನ್ನು ಹೊರತಂದದ್ದು 1991ರಲ್ಲಿ, ಎಂದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕ ವರ್ಷದಲ್ಲಿಯೇ. ಭಾಷೆಯ ಜೊತೆಗೆ ‘ಸ್ಟ್ಯಾಂಡರ್ಡ್ ಲೈಬ್ರರಿ’ ಎಂಬ ಒಂದು ಉಗ್ರಾಣ ಬರುತ್ತದೆ. ಹೆಸರು ಲೈಬ್ರರಿಯೆಂದಿದ್ದರೂ ಅಲ್ಲಿರುವುವು ಪುಸ್ತಕಗಳಲ್ಲ, ಸಿದ್ಧಪಡಿಸಿಟ್ಟ ಉಪಕರಣಗಳು. ತಾರೀಖು ಲೆಕ್ಕ ಹಾಕುವುದಕ್ಕೊಂದು, ಕಡತ ಓದುವುದಕ್ಕೊಂದು, ಸರಾಸರಿ ತೆಗೆಯುವುದಕ್ಕೆ ಇನ್ನೊಂದು. ಭತ್ತದ ಇಪ್ಪತ್ತು ತಾಕುಗಳ ಇಳುವರಿಯನ್ನು ಕೋಷ್ಟಕದಿಂದ ಓದಿ ಸರಾಸರಿ ಕಂಡುಹಿಡಿಯಬೇಕಾದ ವಿದ್ಯಾರ್ಥಿ ಸರಾಸರಿಯ ಸೂತ್ರವನ್ನು ತಾನೇ ಬರೆಯಬೇಕಾಗಿಲ್ಲ. 2014ರ 3.4ನೆಯ ಆವೃತ್ತಿಯಲ್ಲಿ ಸೇರಿಕೊಂಡ ‘ಸ್ಟ್ಯಾಟಿಸ್ಟಿಕ್ಸ್’ ಎಂಬ ಭಾಗವನ್ನು ಕರೆದರೆ ಸಾಕು. ಹಣ ತೆರಬೇಕಿಲ್ಲ, ಅಪ್ಪಣೆ ಕೇಳಬೇಕಿಲ್ಲ. ಉಪಕರಣ ಹೇಗೆ ಮಾಡಲ್ಪಟ್ಟಿದೆಯೆಂದು ಬಿಚ್ಚಿ ನೋಡುವುದಕ್ಕೂ ತಡೆಯಿಲ್ಲ. ಮೂಲಪಠ್ಯವೆಲ್ಲ ಬಯಲಿನಲ್ಲಿಯೇ ಇದೆ. ‘ಓಪನ್ ಸೋರ್ಸ್’ ಎಂಬ ಮಾತಿನ ತಿರುಳು ಇಷ್ಟೇ.

ಬಿಚ್ಚಿ ನೋಡಿದವನಿಗೆ ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ಆದರೆ ಕಳುಹಿಸಿದ್ದೆಲ್ಲ ಒಳಗೆ ಹೋಗುವುದಿಲ್ಲ. ಕೃಷಿ ಕೇಂದ್ರದಲ್ಲಿ ಹೊಸ ತಳಿಯನ್ನು ಹಲವು ಹಂಗಾಮು ಬೆಳೆದು ನೋಡದೆ ರೈತನ ಕೈಗೆ ಕೊಡುತ್ತಾರೆಯೇ? ಇಲ್ಲಿಯೂ ಹಾಗೆಯೇ. ತಪ್ಪನ್ನು ಮೊದಲು ಬರೆದು ತಿಳಿಸಬೇಕು. ತಿದ್ದುಪಡಿಯೊಡನೆ ಅದು ಸರಿಯೆಂದು ತೋರಿಸುವ ಪರೀಕ್ಷೆಗಳನ್ನೂ ಬರೆಯಬೇಕು. ವಿವರಣೆಯ ಪುಟಗಳನ್ನು ತಿದ್ದಬೇಕು. ತನ್ನ ಬರವಣಿಗೆಯನ್ನು ಎಲ್ಲರೂ ಬಳಸಬಹುದೆಂಬ ಒಪ್ಪಿಗೆಪತ್ರಕ್ಕೆ ರುಜು ಹಾಕಬೇಕು. ಆಮೇಲೆ ಅನುಭವಿಗಳು ಅದನ್ನು ಸಾಲುಸಾಲಾಗಿ ಓದಿ, ಇದೇಕೆ ಅದೇಕೆ ಎಂದು ಕೇಳುತ್ತಾರೆ. ಎಷ್ಟೋ ಬಾರಿ ತಿಂಗಳುಗಳು ಕಳೆಯುತ್ತವೆ. ಉತ್ಸಾಹಿಗೆ ಇದು ಬೇಸರದ ಸಂಗತಿಯೇ ಸರಿ. ಆದರೆ ಲೋಕವೆಲ್ಲ ನಂಬಿರುವ ಉಗ್ರಾಣದಲ್ಲಿ ಅವಸರ ಸಲ್ಲದು. ಒಳಗೆ ಬಂದದ್ದನ್ನು ಹೊರಗೆ ಹಾಕುವುದು ಇನ್ನೂ ಕಷ್ಟ. ಹಳತಾದ 19 ಭಾಗಗಳನ್ನು ತೆಗೆಯುವೆವೆಂದು ವರ್ಷಗಳ ಮುಂಚೆ ಸಾರಿ, ಎಚ್ಚರಿಸಿ, ಕೊನೆಗೆ 2024ರ 3.13ನೆಯ ಆವೃತ್ತಿಯಲ್ಲಷ್ಟೇ ಅವನ್ನು ವಿಸರ್ಜಿಸಲಾಯಿತು.

ಈಗ ದೂರಿನ ವಿಚಾರಕ್ಕೆ ಬರಬಹುದು. ಕನ್ನಡದ ಅಕ್ಷರಗಳ ಗುಣಸ್ವಭಾವಗಳನ್ನು ಪೈಥಾನಿನವರು ತಾವೇ ಕಲ್ಪಿಸಿಕೊಂಡಿಲ್ಲ. ಯೂನಿಕೋಡ್ ಪ್ರಕಟಿಸುವ ಪಟ್ಟಿಯನ್ನು ತಂದು, ಅದರಿಂದ ‘ಯೂನಿಕೋಡ್‌ಡೇಟಾ’ ಎಂಬ ಭಾಗವನ್ನು ಹೊಸೆಯುತ್ತಾರೆ. ಮೂಲವನ್ನು ಪ್ರೋಗ್ರಾಮುಗಾರರು ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ, ಎಂದರೆ ಹರಿವಿನ ಮೇಲ್ಭಾಗ. ಕಾಲುವೆಯ ನೀರನ್ನು ನಂಬಿದ ಸಿಂಧನೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ತೂಬಿನಲ್ಲಿ ಕೊರತೆಯಾದರೆ ಕೊನೆಯಂಚಿನ ಗದ್ದೆಯವನು ತನ್ನ ಬದುವನ್ನು ಎಷ್ಟು ತಿದ್ದಿದರೇನು?

ಮೇಲಿನಿಂದ ಸರಿಯಾಗಿ ಹರಿದು ಬಂದದ್ದಕ್ಕೂ ಉದಾಹರಣೆಯುಂಟು. ‘೫’ ಎಂಬ ಚಿಹ್ನೆಯ ಬೆಲೆ ಐದು ಎಂದು ಯೂನಿಕೋಡಿನ ಪಟ್ಟಿಯಲ್ಲಿ ದಾಖಲಾಗಿದೆ. ಆದುದರಿಂದ ‘೧೯೫೩’ ಎಂಬ ಕನ್ನಡ ಅಂಕಿಗಳನ್ನು ಪೈಥಾನಿನ ‘ಇಂಟ್’ ಎಂಬ ಉಪಕರಣಕ್ಕೆ ಕೊಟ್ಟರೆ ಅದು ಹತ್ತೊಂಬತ್ತುನೂರ ಐವತ್ತಮೂರು ಎಂಬ ಸಂಖ್ಯೆಯನ್ನೇ ಕೊಡುತ್ತದೆ, ಅದರಿಂದ ಕೂಡಿ ಕಳೆಯಬಹುದು. ಟೋಕಿಯೋದಲ್ಲಿ ಕುಳಿತು ಪ್ರೋಗ್ರಾಮು ಬರೆಯುವವನಿಗೆ ಕನ್ನಡದ ಗಂಧಗಾಳಿ ಇಲ್ಲದಿದ್ದರೂ ಅವನ ಪ್ರೋಗ್ರಾಮಿಗೆ ಕನ್ನಡದ ಅಂಕಿಗಳು ಗೊತ್ತು!

ಆದರೆ ಅದೇ ಪಟ್ಟಿಯಲ್ಲಿ ಹಳಗನ್ನಡದ ‘ೞ’ಕಾರಕ್ಕೆ ಒದಗಿದ ಗತಿಯನ್ನು ನೋಡಬೇಕು. ಕೋಳಿ ‘ಕೋೞಿ’ಯಾಗಿ, ಏಳು ‘ಏೞು’ ಆಗಿ ಇದ್ದ ಕಾಲದ ಅಕ್ಷರವಿದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಕುರಿತು ಬಹಳ ಆಸ್ಥೆಯಿಂದ ಬರೆದಿದ್ದಾನೆ. ಯೂನಿಕೋಡಿನಲ್ಲಿ ಇದಕ್ಕೆ ಬಿದ್ದ ಹೆಸರು ‘ಕನ್ನಡ ಲೆಟರ್ ಫಾ’! ‘ೞ’ಕ್ಕೂ ‘ಫ’ಕ್ಕೂ ಎತ್ತಣಿಂದೆತ್ತ ಸಂಬಂಧ? ಮೊದಲ ವರ್ಷದ ಕನ್ನಡ ವಿದ್ಯಾರ್ಥಿಯೊಬ್ಬ ಆ ಕರಡನ್ನು ಓದಿದ್ದರೂ ಅಲ್ಲಿಯೇ ಬೆರಳಿಟ್ಟು ತೋರಿಸುತ್ತಿದ್ದನು. ಈಗ ಬದಲಿಸೋಣವೆಂದರೆ, ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಯೂನಿಕೋಡಿನ ನಿಯಮ. ಹೆಸರನ್ನು ನಂಬಿ ಬರೆದ ಪ್ರೋಗ್ರಾಮುಗಳು ಕೆಡಬಾರದಲ್ಲವೆ? ತಪ್ಪನ್ನು ಒಪ್ಪಿಕೊಂಡು, ಪಕ್ಕದಲ್ಲಿ ಸರಿಯಾದ ಮತ್ತೊಂದು ಹೆಸರನ್ನು ತಿದ್ದುಪಡಿಯಾಗಿ ದಾಖಲಿಸಿದ್ದಾರೆ. ಆ ಹೆಸರಿನಿಂದ ಹುಡುಕಿದರೂ ಪೈಥಾನ್ ‘ೞ’ವನ್ನು ತಂದುಕೊಡುತ್ತದೆ. ಆದರೆ ‘ೞ’ವನ್ನು ಕೊಟ್ಟು ನಿನ್ನ ಹೆಸರೇನೆಂದು ಕೇಳಿದರೆ ‘ಫಾ’ ಎಂದೇ ಉತ್ತರ.

ಅಕ್ಷರಗಳ ಎಣಿಕೆಗೂ ಮೇಲ್ಭಾಗದಲ್ಲಿ ನಿಯಮವಿದೆ. ಓದುಗನ ಕಣ್ಣಿಗೆ ಒಂದಾಗಿ ಕಾಣುವ ಗುಚ್ಛವನ್ನು ಗುರುತಿಸುವ ಕ್ರಮವನ್ನು ಯೂನಿಕೋಡ್ ವಿವರಿಸಿದೆ. ಕೆಲವು ಭಾಷೆಗಳು ಅದನ್ನು ತಮ್ಮ ಉಗ್ರಾಣದಲ್ಲಿಯೇ ಇರಿಸಿಕೊಂಡಿವೆ. ಆಪಲ್ ಸಂಸ್ಥೆ 2015ರಲ್ಲಿ ಮೂಲಪಠ್ಯವನ್ನು ಮುಕ್ತಗೊಳಿಸಿದ ‘ಸ್ವಿಫ್ಟ್’ ಭಾಷೆ ದಢೇಸುಗೂರಿಗೆ ಅಕ್ಷರಗಳು ಐದೆಂದು ನಮ್ಮ ಹುಡುಗನಂತೆಯೇ ಹೇಳುತ್ತದೆ. ಪೈಥಾನಿನಲ್ಲಿ 2025ರ ಅಕ್ಟೋಬರಿನ 3.14ನೆಯ ಆವೃತ್ತಿಯವರೆಗೂ ಅಂತಹ ಉಪಕರಣ ಸ್ಟ್ಯಾಂಡರ್ಡ್ ಲೈಬ್ರರಿಯೊಳಗೆ ಇರಲಿಲ್ಲ. ಬೇಕಾದವರು ಹೊರಗಿನವರು ಮಾಡಿಟ್ಟದ್ದನ್ನು ತಂದುಕೊಳ್ಳಬೇಕಾಗಿತ್ತು.

ಆದರೆ ಗುಣಿತಾಕ್ಷರವನ್ನು ಗೆದ್ದ ನಿಯಮ ಒತ್ತಕ್ಷರದ ಮುಂದೆ ಸೋಲುತ್ತದೆ. ‘ಮಸ್ಕಿ’ಗೆ ಅಕ್ಷರಗಳು ಎರಡು, ‘ಮ’ ಮತ್ತು ‘ಸ್ಕಿ’. ನಿಯಮ ಹಿಂದಿನಿಂದಲೂ ‘ಮ’, ‘ಸ್’, ‘ಕಿ’ ಎಂದು ಮೂರಾಗಿ ಒಡೆಯುತ್ತಿತ್ತು. 2023ರಲ್ಲಿ ಯೂನಿಕೋಡಿನ 15.1ನೆಯ ಆವೃತ್ತಿ ಈ ಕೊರತೆಯನ್ನು ನೀಗಿಸಲು ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಹೊಸ ನಿಯಮವೊಂದನ್ನು ತಂದಿತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ! ಒತ್ತಕ್ಷರದ ವಿಷಯದಲ್ಲಿ ಅಕ್ಕತಂಗಿಯರಂತಿರುವ ತೆಲುಗಿನಲ್ಲಿ ಒಂದಾದ ‘ಸ್ಕಿ’, ಆ ನಿಯಮದಂತೆ ಕನ್ನಡದಲ್ಲಿ ಎರಡಾಗಿಯೇ ಉಳಿಯಿತು. ಅದೇ ಆವೃತ್ತಿಯ ಪಟ್ಟಿಯೇ ಮರುವರ್ಷ ಪೈಥಾನ್ 3.13ರೊಳಗೂ ಬಂದಿತು.

ಈ ಮಸ್ಕಿಯ ಬಂಡೆಯ ಮೇಲೆಯೇ ಅಶೋಕನ ಹೆಸರು 1915ರಲ್ಲಿ ಬೆಳಕಿಗೆ ಬಂದದ್ದು. ಬೇರೆಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದಷ್ಟೇ ಇದ್ದ ಅರಸ ಯಾರೆಂಬ ವಿದ್ವಾಂಸರ ಊಹೆಗೆ ಇಲ್ಲಿ ಕಲ್ಲಿನ ಸಾಕ್ಷಿಯೇ ದೊರಕಿತು. ಅದನ್ನು ಕಂಡವನು ಪಂಡಿತನಲ್ಲ, ಚಿನ್ನದ ಗಣಿಗಳ ಎಂಜಿನಿಯರಾದ ಬೀಡನ್ ಎಂಬಾತ. ಕಂಡದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಬಲ್ಲವರಿಗೆ ತಿಳಿಸಿದನು, ಹೆಚ್ಚೇನೂ ಮಾಡಲಿಲ್ಲ.

ಯೂನಿಕೋಡಿಗೂ ಯಾರು ಬೇಕಾದರೂ ಬರೆದು ತಿಳಿಸಬಹುದು. ಪದವಿಯಾಗಲಿ ಶಿಫಾರಸಾಗಲಿ ಬೇಡ. ಉದಾಹರಣೆಗಳನ್ನೂ ಅಚ್ಚಾದ ಪುಟಗಳ ಪ್ರತಿಗಳನ್ನೂ ಲಗತ್ತಿಸಿ, ಈಗಿನ ನಿಯಮದಿಂದ ಆಗುವ ಬಾಧಕವೇನೆಂದು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ಕಳುಹಿಸಿದರೆ ಅದರ ತಾಂತ್ರಿಕ ಸಮಿತಿ ಪರಿಶೀಲಿಸುತ್ತದೆ. ಸಮಿತಿ ಸೇರುವುದು ವರ್ಷಕ್ಕೆ ನಾಲ್ಕು ಸಲ. ಹೀಗೆ ಬಂದ ಮನವಿಗಳ ಮೇಲೆಯೇ ಕನ್ನಡದ ಕೇರಿಗೆ 2018ರಲ್ಲಿ ‘ಸಿದ್ಧಂ’ ಚಿಹ್ನೆಯೂ 2021ರಲ್ಲಿ ‘ನಕಾರ ಪೊಲ್ಲು’ ಎಂಬ ಹಳೆಯ ಅಕ್ಷರವೂ ಬಂದು ಸೇರಿದುವು. ಒತ್ತಕ್ಷರದ ವಾದಕ್ಕೆ ಬೇಕಾದ ಸಾಕ್ಷ್ಯವಂತೂ ಪ್ರತಿಯೊಂದು ಮನೆಯಲ್ಲಿಯೂ ಇದೆ: ಮಗುವಿನ ಕಾಗುಣಿತದ ಪುಸ್ತಕದಲ್ಲಿ ‘ಸ್ಕಿ’ ಎಂಬುದು ಒಂದೇ ಮನೆಯಲ್ಲಿ ಅಚ್ಚಾಗಿರುತ್ತದೆ.