ಬಣ್ಣದ ಮೇಲಿನ ಕಾಣದ ಕೊಳೆ

ಕಾರನ್ನು ಈಗಷ್ಟೇ ತೊಳೆದು ಒರೆಸಿದ್ದೀರಿ, ಥಳಥಳ ಹೊಳೆಯುತ್ತಿದೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಬೆರಳ ತುದಿಗಳನ್ನು ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಿ. ರವೆ ಚೆಲ್ಲಿದ ನೆಲವನ್ನು ಮುಟ್ಟಿದಂತೆ ತರಿತರಿಯಾಗಿದೆಯೇ? ಹಾಗಿದ್ದರೆ ನೀರು, ಶಾಂಪೂ ತೆಗೆಯಲಾರದ ಕೊಳೆ ಬಣ್ಣಕ್ಕೆ ಅಂಟಿ ಕುಳಿತಿದೆ ಎಂದರ್ಥ.

ಇದು ಎಲ್ಲಿಂದ ಬಂತು? ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಬೀಡುಕಬ್ಬಿಣದ ಡಿಸ್ಕ್ ತುಸು ಸವೆಯುತ್ತದೆ. ಆ ಕಬ್ಬಿಣದ ಕಣಗಳು ಹಾರಿ ಬಣ್ಣದಲ್ಲಿ ನಾಟಿಕೊಂಡು ತುಕ್ಕು ಹಿಡಿಯುತ್ತವೆ. ಬಿಳಿ ಕಾರುಗಳ ಮೇಲೆ ಕಾಣುವ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಹೆಚ್ಚಾಗಿ ಇವೇ. ಇವುಗಳ ಜೊತೆಗೆ ರಸ್ತೆಯ ಡಾಂಬರಿನ ತುಣುಕುಗಳು, ಕಟ್ಟಡದ ಕೆಲಸದಿಂದ ಹಾರುವ ಸಿಮೆಂಟ್ ದೂಳು, ಮಾವು ಹೂ ಬಿಟ್ಟಾಗ ಜಿಗಿಹುಳುಗಳು ಸುರಿಸುವ ಸಿಹಿ ಅಂಟು ಸೇರಿಕೊಳ್ಳುತ್ತವೆ.

ಉಜ್ಜಿ ತೆಗೆದರಾಯಿತಲ್ಲ ಎನ್ನುವಿರಾ? ಅಪಾಯವಿರುವುದು ಅಲ್ಲಿಯೇ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವಿರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ. ಅಂದರೆ ಒಂದು ತಲೆಗೂದಲಿಗಿಂತಲೂ ತೆಳು. ಕಾರಿನ ಹೊಳಪು ಇದರದೇ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಒಮ್ಮೆ ಸವೆದರೆ ನಮ್ಮ ಚರ್ಮದಂತೆ ಮತ್ತೆ ಬೆಳೆಯದು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ವಿಜ್ಞಾನದ ಪದವೀಧರನಾದರೂ, ಮಾವಿನ ಮರದಡಿ ನಿಲ್ಲಿಸಿದ್ದ ಕಾರಿನ ಅಂಟನ್ನು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ಉಜ್ಜಿದೆ. ಅಂಟೇನೋ ಹೋಯಿತು, ಅಂಗೈಯಗಲದ ಮಸುಕು ಉಳಿಯಿತು. ಅದರ ಮೇಲೆ ವ್ಯಾಕ್ಸ್ ಹಚ್ಚಿ ಮರೆಮಾಡಲು ನೋಡಿದೆ. ನಾಲ್ಕು ಮಳೆಗೆ ಮತ್ತೆ ಎದ್ದು ಕಂಡಿತು.

ಸರಿಯಾದ ಉಪಾಯ ಕ್ಲೇ ಬಾರ್. ಹೆಸರು ಜೇಡಿಮಣ್ಣಿನದಾದರೂ ಇದು ಕುಂಬಾರನ ಮಣ್ಣಲ್ಲ. ಅತಿ ನಯವಾದ ಉಜ್ಜುಪುಡಿ ಬೆರೆಸಿದ ಮೆತ್ತನೆಯ ಕೃತಕ ಮುದ್ದೆ. ಕಾರಿನ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಇದನ್ನು ಬಳಸುವ ರೀತಿಯನ್ನು ಕಿರುತೆರೆಯಲ್ಲಿ ತೋರಿಸಬಹುದು. ಆದರೆ ಎಷ್ಟು ಒತ್ತಬೇಕೆಂಬುದು ಪರದೆಯ ಮೇಲೆ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಕಾರ್ ಶಾಂಪೂವಿನಿಂದ ಚೆನ್ನಾಗಿ ತೊಳೆಯಿರಿ. ಮುದ್ದೆಯ ಒಂದು ತುಂಡನ್ನು ಬಿಸ್ಕತ್ತಿನಂತೆ ತಟ್ಟಿಕೊಳ್ಳಿ. ಒಂದೊಂದು ಸಲಕ್ಕೆ ಎರಡು ಅಡಿಯಷ್ಟು ಜಾಗ ಹಿಡಿದು, ಶಾಂಪೂ ಬೆರೆತ ನೀರನ್ನು ಧಾರಾಳವಾಗಿ ಚಿಮುಕಿಸಿ. ಬಳಿಕ ಮುದ್ದೆಯನ್ನು ಒತ್ತದೆ, ಸುತ್ತಿಸದೆ, ನೇರ ಗೆರೆಯಲ್ಲಿ ಜಾರಿಸಿ. ಮೊದಲು ತಡೆತಡೆದು ಸಾಗುವ ಮುದ್ದೆ ಸ್ವಲ್ಪದರಲ್ಲೇ ಸಲೀಸಾಗಿ ಜಾರತೊಡಗುತ್ತದೆ, ಅಲ್ಲಿಗೆ ನಿಲ್ಲಿಸಿ. ಮುದ್ದೆ ಕೊಳೆಯಾದಂತೆ ಮಡಚಿ, ಶುಭ್ರವಾದ ಮೈಯನ್ನು ಹೊರತನ್ನಿ. ನೆಲಕ್ಕೆ ಬಿದ್ದ ತುಂಡನ್ನು ಯಾವ ಕಾರಣಕ್ಕೂ ಮತ್ತೆ ಬಳಸಬೇಡಿ. ಅದಕ್ಕಂಟಿದ ಒಂದು ಮರಳಿನ ಕಣ ಸಾಕು, ಗೀರು ಬೀಳಲು. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಈ ವಿಧಾನ ಬೇಡ.

ಕೊಳೆಯೊಂದಿಗೆ ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ. ಆದ್ದರಿಂದ ಕಾರನ್ನು ಒರೆಸಿ ಒಣಗಿಸಿ, ಅಂದೇ ಹೊಸ ವ್ಯಾಕ್ಸ್ ಹಚ್ಚಬೇಕು. ಇದಕ್ಕೆ ಹೆಸರಾದದ್ದು ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ ಮೇಣ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇದು ಕರಗಲು 80 ಡಿಗ್ರಿ ದಾಟಬೇಕು. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೂ ಇದು ನಿಲ್ಲುವುದು ಅದಕ್ಕೇ. ದಪ್ಪಗೆ ಬಳಿದರೆ ಲಾಭವಿಲ್ಲ. ತೆಳುವಾಗಿ ಸವರಿ, ಮಬ್ಬಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.

ಇಂಥ ವ್ಯಾಕ್ಸ್ ನಮ್ಮ ಬಿಸಿಲು ಮಳೆಗೆ ಎರಡು ಮೂರು ತಿಂಗಳು ಬಾಳೀತು. ನೀರು ಮುತ್ತಿನಂತೆ ಉರುಳದೆ ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಹೊತ್ತಾಯಿತು ಎಂದು ತಿಳಿಯಿರಿ. ಕ್ಲೇ ಮಾತ್ರ ಪದೇಪದೇ ಬೇಡ. ಚೀಲದ ಪರೀಕ್ಷೆಯಲ್ಲಿ ಕೈಗೆ ತರಿ ಸಿಕ್ಕರಷ್ಟೇ. ಹಕ್ಕಿಯ ಹಿಕ್ಕೆ ಕಂಡರೆ ವಾರದ ರಜೆಗಾಗಿ ಕಾಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು, ನೆನೆದ ನಂತರ ಮೆಲ್ಲಗೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ, ಸ್ಕ್ರಬ್ಬರಂತೂ ಅಡುಗೆಮನೆಯಲ್ಲೇ ಇರಲಿ.